ಅರ್ಧ ಉಂಡೆ ನೂಲಿನಷ್ಟು ದೂರದ ಕೊಲಂಬೋ

ಶಿರಾ ಪಕ್ಕದ ಕುರುಬರಹಟ್ಟಿಯ ಭೀಮಕ್ಕನಿಗೆ ಮೈಲಿ ಗಿಯ್ಲಿ ಏನೂ ಗೊತ್ತಿಲ್ಲ! ಕುರಿ ಹಿಂದೆ ನಡೀತಾ ನಡೀತಾನೇ ಉಣ್ಣೆ ನೂಲೋಳು ಅವಳು. ಕಂಕುಳಲ್ಲಿ ಉಣ್ಣೆ, ಕೈಯಲ್ಲಿ ಗಿರಗಿರ ತಿರುಗೋ ಕದಿರು. ಎಷ್ಟು ನೂಲು ಸುತ್ತಿದ್ಲೋ ಅಷ್ಟೇ ದೂರ. ಶಿರಾ ಸಂತೆ ಅಂದ್ರೆ ಕಾಲು ಉಂಡೆ. ಪಾವಗಡದ ಹೆಸರೆತ್ತಿದ್ರೆ ಮಾತ್ರ ಅವಳ ಬಾಯಿ ಕಟ್ಟಿಹೋಗ್ತಿತ್ತು. ಹಿರಿಮಗಳನ್ನ ಅಲ್ಲಿಗೇ ಕೊಟ್ಟಿದ್ದು. ಹೆರಿಗೆ ಕಷ್ಟವಾಗಿದೆ ಅಂತ ಸುದ್ದಿ ಬಂದು, ಇವಳು ಎದ್ದೂಬಿದ್ದೂ ಓಡೋಷ್ಟರಲ್ಲಿ ಅಲ್ಲಿ ಮಣ್ಣು ಮಾಡಿ ಆಗಿತ್ತು.

ಅವತ್ತಿಂದ ಒಂದೇ ಹಟ. ಕಿರಿಮಗಳು ಕ್ಯಾತಮ್ಮನ್ನ ಒಂದು ಉಂಡೆಗಿಂತ ದೂರ ಕೊಡಲ್ಲ! ಮಧುಗಿರಿಯಿಂದ ಎಂಥ ಒಳ್ಳೆ ಗಂಡು ಬಂತು ಗೊತ್ತಾ? ಭೀಮಕ್ಕ ನೂಲ್ತಾನೇ ಅವನ ಮನೆ ನೋಡೋಕೆ ಹೊರಟ್ಲು. ಬೆಟ್ಟ ಇನ್ನೂ ಅಷ್ಟು ದೂರ ಇದ್ದಾಗಲೇ ಉಂಡೆ ತುಂಬಿಹೋಯ್ತು. ಅಲ್ಲಿಂದ್ಲೇ ವಾಪಸ್!

ಎರಡನೇ ಮಹಾಯುದ್ಧ ಮುಗಿದ ಮಾರನೇ ವರ್ಷ ಅವಳ ತಮ್ಮನ ಮಗ ಗಂಗಣ್ಣ ಕೊಲಂಬೋದಿಂದ ಬಂದ. ಅಲ್ಲಿ ವಿಮಾನ ಇಳಿಯೋ ಮೈದಾನದಲ್ಲಿ ಅವನಿಗೆ ಕೆಲಸ. ಬಂದೋನೇ ಕ್ಯಾತಮ್ಮನ್ನ ಕೊಡು ಅಂದ.

"ಸಮುದ್ರದ ಆಚೆಗಾ? ಥೂ, ಎದ್ದೋಗ್ಲಾ!" ಅಂದ್ಲು ಭೀಮಕ್ಕ.

"ಮದ್ರಾಸಲ್ಲಿ ವಿಮಾನ ಹತ್ತಿದ್ರೆ ನಾಕೇ ಗಂಟೆ ಕಣತ್ತೆ. ನಾನೂರು ಮೈಲಿ ಮೇಲೈತೆ, ಆದ್ರೂ ಬೆಳಿಗ್ಗೆ ಹತ್ತಿದೋರಿಗೆ ಮಧ್ಯಾಹ್ನದ ಊಟ ಕೊಲಂಬೋದಾಗೆ!"

"ನಾಕು ಗಂಟೇಲಿ ಎಷ್ಟು ನೂಲಾಯ್ತದ್ಲಾ?"

"ಅರ್ಧ ಉಂಡೆ," ಗಂಗಣ್ಣ ಹಲ್ಲು ಕಿರಿದ.

ಭೀಮಕ್ಕನ ಕದಿರು ಗಕ್ಕನೆ ನಿಂತುಹೋಯ್ತು. ಅರ್ಧ ಉಂಡೆ! ಅಂದ್ರೆ ಕೊಲಂಬೋ ಮಧುಗಿರಿಗಿಂತ ಹತ್ತಿರ! ಮಗಳನ್ನ ನುಂಗಿದ ಪಾವಗಡದ ದಾರಿಗಿಂತ ಆ ಸಮುದ್ರವೇ ಚಿಕ್ಕದು! ತಾನೇ ಹೊಸೆದ ಹಗ್ಗ ತನ್ನ ಕಾಲಿಗೇ ಸುತ್ಕೊಂಡಿತ್ತಲ್ಲ.

ಆದ್ರೆ ಸಂತೇಲಿ ಕುರಿ ಮಾರಿ ಪಳಗಿದೋಳು, ಅಷ್ಟು ಸುಲಭಕ್ಕೆ ಬಿಡ್ತಾಳಾ?

"ಲೇ, ನೀನು ಅದ್ರಾಗೆ ಕುಂತಿದ್ದೀಯಾ?"

ಗಂಗಣ್ಣ ತಲೆ ಕೆರ್ಕೊಂಡ. "ಇಲ್ಲತ್ತೆ. ನಾನು ಮೂಟೆ ಏರ್ಸೋನು. ನಮ್ಮಂತೋರ್ನ ಕೂರುಸ್ತಾರಾ?"

"ಮತ್ತೆಂಗ್ಲಾ ಬಂದೆ?"

"ಹಡಗು, ರೈಲು, ಆಮೇಲೆ ಬಸ್ಸು..."

"ಕೇಳುದ್ಯೇನೇ ಕ್ಯಾತೀ? ಕಳ್ಳ ಮುಂಡೇದು! ನನ್ ಕಣ್ಣಿಗೇ ಮಣ್ಣು ಎರಚಾಕೆ ಬಂದವ್ನೆ!"

ಒಲೆ ಮುಂದೆ ಕೂತಿದ್ದ ಕ್ಯಾತಮ್ಮ ತಿರುಗಿ ಕೂಡ ನೋಡಲಿಲ್ಲ. "ನಂಗೊತ್ತು ಕಣವ್ವ. ವಿಮಾನದ ಮಾತು ಎತ್ತು ಅಂತ ನಾನೇ ಹೇಳ್ಕೊಟ್ಟಿದ್ದು."

ವಿಮಾನದ ಓಟ ಕೇಳಿ ಭೀಮಕ್ಕನಿಗೆ ಆದ ಗಾಬರಿ ಇದರ ಮುಂದೆ ಏನೇನೂ ಅಲ್ಲ!

"ಅಷ್ಟು ದೂರ ಅಂತ ಗೊತ್ತಿದ್ದೂ ಹೊಂಟ್ಯೇನೇ? ನಿಂಗೇನಾರ ಆದ್ರೆ ನಾನೆಂಗೆ ಬರ್ಲೇ?"

"ಬರಾಕಾಗಲ್ಲ ಕಣವ್ವ," ಕ್ಯಾತಮ್ಮ ಒಲೆಗೆ ಸೌದೆ ತಳ್ಳಿದ್ಲು. "ಗೊತ್ತು. ಆದ್ರೂ ಹೋಗ್ತೀನಿ."

ಭೀಮಕ್ಕ ಕದಿರನ್ನ ಗೋಡೆಗೆ ಒರಗಿಸಿದ್ಲು. ಆಮೇಲೆ ಗಂಗಣ್ಣನ ಕಡೆ ತಿರುಗಿದ್ಲು. ಬೈಯೋಕೆ ಅಂತ ಬಾಯಿ ತೆರೆದ್ರೆ ಬಂದಿದ್ದೇ ಬೇರೆ.

"ಅಲ್ಲಿ ರಾಗಿ ಸಿಕ್ತದೇನ್ಲಾ?"

"ಇಲ್ಲತ್ತೆ. ಬರೀ ಅನ್ನ."

"ಮುದ್ದೆ ಇಲ್ದೆ ಅವಳಿಗೆ ನಿದ್ದೆ ಹತ್ತಲ್ಲ. ಹೋಗು, ನಿಮ್ಮಪ್ಪನ್ನ ಕರ್ಕೊಂಡು ಬಾ. ಬರೋವಾಗ ಒಂದು ಗಟ್ಟಿ ಗೋಣಿಚೀಲನೂ ತತ್ತಾ."