ಪುಕ್ಕಲ ದೊರೆಯ ಆಪರೇಷನ್

ನಮ್ಮ ಮನೆಯ ನಾಯಿಗೆ ದೊರೆ ಅಂತ ಹೆಸರಿಟ್ಟವನು ನಾನೇ. ಆ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಸಿಕ್ಕ ಮರಿ. ಎತ್ತಿಕೊಂಡಾಗ ಎಷ್ಟು ಗತ್ತಿನಿಂದ ನೋಡಿತ್ತೆಂದರೆ ಬೇರೆ ಹೆಸರು ಹೊಳೆಯಲೇ ಇಲ್ಲ. ಬೆಳೆದ ಮೇಲೆ ಗೊತ್ತಾಯಿತು, ದೊರೆಗೆ ಛತ್ರಿ ಬಿಚ್ಚಿದರೆ ಹೆದರಿಕೆ, ಹೆಲ್ಮೆಟ್ ಹಾಕಿದವರನ್ನು ಕಂಡರೆ ಹೆದರಿಕೆ. ಹಿತ್ತಲಲ್ಲಿ ತೆಂಗಿನಗರಿ ಬಿದ್ದರೆ ಒಂದು ಹೊತ್ತಿನ ಊಟ ಬಿಡುತ್ತಾನೆ. ಇನ್ನು ಕುಕ್ಕರ್ ಕೂಗಿತೋ, ಎಲ್ಲಿದ್ದರೂ ಓಡಿಬಂದು ನನ್ನ ಕೆಲಸದ ಮೇಜಿನ ಕೆಳಗೆ ನುಗ್ಗಿ, ನನ್ನ ಎಡಪಾದದ ಮೇಲೆ ಇಡೀ ಮೈ ಚೆಲ್ಲಿ ಮಲಗಿಬಿಡುತ್ತಾನೆ.

ನಾನು ಸಾಗರದಲ್ಲಿ ಮರ ಕೆತ್ತುವವನು. ಅಪ್ಪ ಕಲಿಸಿದ ಮೊದಲ ಪಾಠ, ವಿಗ್ರಹದ ಮೂಗನ್ನು ಕೊನೆಗೆ ಮುಟ್ಟಬೇಕು, ಅಲ್ಲಿಯವರೆಗೆ ಒಂದು ಕಾಳಷ್ಟು ಮರ ಹೆಚ್ಚಿಗೇ ಬಿಟ್ಟಿರಬೇಕು ಅಂತ. ತೆಗೆದದ್ದನ್ನು ಮತ್ತೆ ಅಂಟಿಸಲಿಕ್ಕಾಗುವುದಿಲ್ಲವಲ್ಲ. ಈ ಪಾಠವನ್ನು ನಾನು ಅಗತ್ಯಕ್ಕಿಂತ ಚೆನ್ನಾಗಿ ಕಲಿತುಬಿಟ್ಟೆ. ನಮ್ಮ ಕಪಾಟಿನಲ್ಲಿ ದಪ್ಪ ಮೂಗಿನ ಲಕ್ಷ್ಮಿ, ದಪ್ಪ ಮೂಗಿನ ಸರಸ್ವತಿ, ದಪ್ಪ ಮೂಗಿನ ಕೃಷ್ಣ ಸಾಲಾಗಿ ನಿಂತು ಕೊನೆಯ ಉಳಿಯೇಟಿಗೆ ಕಾಯುತ್ತಿದ್ದಾರೆ. ನನ್ನ ಹೆಂಡತಿ ಶಾರದೆ ಅವರಿಗೆಲ್ಲ ನೆಗಡಿ ಅನ್ನುತ್ತಾಳೆ. ಗಣಪತಿಯೊಬ್ಬನ ವಿಷಯದಲ್ಲಿ ಮಾತ್ರ ನಾನು ನಿಶ್ಚಿಂತ.

ಇಂಥವನ ತಲೆಯ ಮೇಲೆ ದೊರೆಗೆ ಆಪರೇಷನ್ ಮಾಡಿಸಬೇಕೋ ಬೇಡವೋ ಅನ್ನುವ ತೀರ್ಮಾನ ಬಂದು ಕೂತಿತು. ಹೋರಿಗಳಿಗೆ ಬೀಜ ಒಡೆಸುವುದು ಅನ್ನುತ್ತೇವಲ್ಲ, ಅದೇ ಕೆಲಸ. ನಾಯಿಗಾದರೆ ಸ್ವಲ್ಪ ಮರ್ಯಾದೆಯಿಂದ ಆಪರೇಷನ್ ಅನ್ನುತ್ತೇವೆ.

ಆದದ್ದಿಷ್ಟು. ದೀಪಾವಳಿಯ ಪಟಾಕಿಗೆ ಹೆದರಿ ಮಂಚದಡಿ ಸೇರಿದ್ದವನು, ಮರುವಾರವೇ ಯಾವಳೋ ಕೆಂಚಿಯ ವಾಸನೆ ಹಿಡಿದು ಬೇಲಿ ನುಸುಳಿ ಹೊರಟುಹೋದ. ಮೂರು ದಿನ ಪತ್ತೆಯಿಲ್ಲ. ಆ ದಿನಗಳಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ನಾನು ಉಳಿಯನ್ನು ಎತ್ತಿ ಹಿಡಿದು ಕಾಯುತ್ತಿದ್ದೆ. ಪಾದದ ಮೇಲೆ ಭಾರ ಬೀಳುತ್ತಿರಲಿಲ್ಲ. ಮೂರನೇ ದಿನ ಶಾರದೆ ಅನ್ನವನ್ನು ಪಾತ್ರೆಯಲ್ಲೇ ಬೇಯಿಸಿ ಗಂಜಿ ಬಸಿದಳು. ಕುಕ್ಕರನ್ನು ಮುಟ್ಟಲೇ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಕಿವಿ ಹರಿದುಕೊಂಡು, ಪಕ್ಕೆಲುಬು ತೋರಿಸಿಕೊಂಡು ಬಂದ. ಗಾಯಕ್ಕೆ ಔಷಧಿ ಹಾಕಿದ ದನದ ಆಸ್ಪತ್ರೆಯ ಡಾಕ್ಟರಮ್ಮ ಆಪರೇಷನ್ ವಿಷಯ ತೆಗೆದರು. ಹಾಗೆ ಮಾಡಿಸಿದರೆ ಇವನ ಹೆದರಿಕೆಯೂ ಹೋಗಬಹುದಾ ಅಂತ ಆಸೆಯಿಂದ ಕೇಳಿದೆ.

"ತಿರುಗಾಟ ಕಮ್ಮಿ ಆಗ್ಬಹುದು. ಹೆದರಿಕೆ ಹೋಗುತ್ತೆ ಅಂತ ನಾನು ಹೇಳಲ್ಲ. ಕೆಲವು ಪುಕ್ಕಲು ನಾಯಿಗಳು ಆಮೇಲೆ ಇನ್ನೂ ಪುಕ್ಕಲಾಗೋದೂ ಉಂಟು. ನೀವೇ ಯೋಚ್ನೆ ಮಾಡಿ," ಅಂದರು. ಡಾಕ್ಟರು 'ನೀವೇ ಯೋಚನೆ ಮಾಡಿ' ಅಂದರೆ ನನಗೆ ಜ್ವರ ಬರುತ್ತದೆ.

ಯೋಚನೆ ಮಾಡಿದೆ. ಅಂದರೆ, ಕಂಡವರನ್ನೆಲ್ಲ ಕೇಳಿದೆ. ಈ ಮಾತೆತ್ತಿದರೆ ಹೆಂಗಸರು 'ಯಾವತ್ತು ಮಾಡಿಸ್ತೀರಿ?' ಅಂತ ಕೇಳುತ್ತಾರೆ, ಗಂಡಸರು ಕುರ್ಚಿಯಲ್ಲಿ ನೆಟ್ಟಗಾಗಿ ಮೊಣಕಾಲು ಜೋಡಿಸುತ್ತಾರೆ. ತೀರ್ಥಹಳ್ಳಿಯಿಂದ ಬಂದಿದ್ದ ಶಾರದೆಯ ಅಣ್ಣ ಕಾಲ ಮೇಲೆ ಕಾಲು ಹಾಕಿ, "ಎಂತಕ್ಕೆ ಭಾವ, ಪಾಪ, ಅದ್ಕೂ ಒಂದು ಜೀವ್ನ ಅಂತ ಬೇಡ್ವಾ?" ಅಂದ. ಅತ್ತೆ ಅವನ ಹೆದರಿಕೆಗೆಂದು ಮಂತ್ರಿಸಿದ ನೂಲು ತಂದು ಕಾಲಿಗೆ ಕಟ್ಟಿದರು. ದೊರೆ ಅದನ್ನು ಕಚ್ಚಿ ತಿಂದ. ಹೊಟ್ಟೆಯೊಳಗಾದರೂ ಕೆಲಸ ಮಾಡಲಿ ಅಂದುಕೊಂಡೆವು. ಶಾಸ್ತ್ರವನ್ನೂ ನೆನೆದುಕೊಂಡೆ. ಭೈರವನ ಪಕ್ಕದ ನಾಯಿಯನ್ನು ಎಷ್ಟೋ ಸಲ ಕೆತ್ತಿದ್ದೇನೆ, ದತ್ತಾತ್ರೇಯನ ನಾಲ್ಕನ್ನೂ ಕೆತ್ತಿದ್ದೇನೆ. ನಾನು ಕಲಿತಮಟ್ಟಿಗೆ ಬಾಲಕ್ಕೆ, ಕಿವಿಗೆ, ಹಲ್ಲಿಗೆ ಎಲ್ಲಕ್ಕೂ ಅಳತೆಯಿದೆ. ಈ ಒಂದು ವಿಷಯದಲ್ಲಿ ಮಾತ್ರ ಹಿರಿಯರು ಜಾಣತನದಿಂದ ಸುಮ್ಮನಿದ್ದಾರೆ.

ಹೀಗೆ ಮುಂದಿನ ವಾರ, ಮುಂದಿನ ವಾರ ಅಂತ ಒಂದು ತಿಂಗಳು ತಳ್ಳಿದೆ. "ಇದೂ ಮೂಗಿನ ಹಾಗೇ ಆಯ್ತು ನಿಮ್ದು," ಅಂದಳು ಶಾರದೆ.

ಒಂದು ಬೆಳಿಗ್ಗೆ ಹಾಲು ತರಲು ಹೊರಟವನು ನೋಡುತ್ತೇನೆ, ಮತ್ತೆ ಬೇಲಿ ನುಸುಳಿದ ದೊರೆ ಮುಖ್ಯರಸ್ತೆಯ ನಟ್ಟನಡುವೆ ನಿಂತಿದ್ದಾನೆ. ಆಚೆ ಬದಿಯಲ್ಲಿ ಒಂದು ಹೆಣ್ಣುನಾಯಿ. ಈಚೆಯಿಂದ ಹೊಸನಗರದ ಬಸ್ಸು. ಹಾರ್ನ್ ಕೇಳಿದ್ದೇ ತಡ, ಅವನ ನಾಲ್ಕು ಕಾಲೂ ರಸ್ತೆಗೆ ಅಂಟಿಕೊಂಡವು. ಅವನು ಹೇಗೆ ನಿಂತಿದ್ದನೋ ನಾನೂ ಹಾಗೇ ನಿಂತಿದ್ದೆ. ಬಸ್ಸು ಕಿರುಗುಟ್ಟಿ ಅವನ ಮೂತಿಯ ಹತ್ತಿರ ನಿಂತಿತು. ಕಂಡಕ್ಟರ್ ಇಳಿದು, ಅವನನ್ನು ಅಕ್ಕಿಮೂಟೆಯ ಹಾಗೆ ಎತ್ತಿ ತಂದು ನನ್ನ ಕೈಗೆ ಕೊಟ್ಟ.

"ಪ್ರೀತಿ ಮಾಡೋಕೆ ಇರೋ ಧೈರ್ಯ ರಸ್ತೆ ದಾಟೋಕೆ ಇಲ್ಲ ನೋಡಿ ಇದ್ಕೆ," ಅಂದು ಸೀಟಿ ಊದಿ ಹತ್ತಿದ.

ದೊರೆಯ ಎದೆ ನನ್ನ ಎದೆಗೆ ಹೊಡೆದುಕೊಳ್ಳುತ್ತಿತ್ತು. ಇಷ್ಟು ದಿನ ನಾನು ಅವನನ್ನು ಹೆದರಿಕೆಯಿಂದ ಕಾಪಾಡಲು ಯೋಚಿಸುತ್ತಿದ್ದೆ. ಹೆದರಿಕೆ ಅವನನ್ನು ಕೊಲ್ಲುವುದಿಲ್ಲ, ಈ ರಸ್ತೆ ಕೊಲ್ಲುತ್ತದೆ. ಇನ್ನಷ್ಟು ಹೆದರಿಕೊಂಡಾದರೂ ಸರಿ, ಬದುಕಿರಲಿ ಅನ್ನಿಸಿತು. ಮನೆಗೆ ಬಂದವನೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಹಾಲು ತರುವುದು ಮರೆತೇಹೋಯಿತು.

ಆಪರೇಷನ್ ದಿನ ಡಾಕ್ಟರಮ್ಮ ಅವನ ತಲೆ ಹಿಡಿದುಕೊಳ್ಳಲು ಹೇಳಿದರು. ಹಿಡಿದುಕೊಂಡೆ. ಸ್ವಲ್ಪ ಹೊತ್ತು ನೋಡಿ, "ನೀವು ಹೊರಗೆ ಕೂತ್ಕೊಳ್ಳಿ, ನಿಮ್ಮನ್ನ ನೋಡಿ ಅವ್ನೂ ನಡುಗ್ತಿದಾನೆ," ಅಂದರು. ಶಾರದೆ ಒಳಗೆ ಹೋದಳು. ನಾನು ಬೆಂಚಿನ ಮೇಲೆ ಕೂತು, ಯಾವ ದೇವರಿಗೆ ಕೈಮುಗಿಯಲಿ ಅಂತ ಯೋಚಿಸಿದೆ. ಎಲ್ಲರಿಗೂ ಒಂದೊಂದು ಮೂಗು ಬಾಕಿಯಿತ್ತು.

ಈಗ ಆರು ತಿಂಗಳಾಯಿತು. ದೊರೆ ಬೇಲಿಯವರೆಗೆ ಹೋಗುತ್ತಾನೆ, ಮೂಸುತ್ತಾನೆ, ಏನೋ ಮರೆತವನ ಹಾಗೆ ವಾಪಸು ಬರುತ್ತಾನೆ. ಆಗ ನನಗೆ ಒಂಚೂರು ಸಂಕಟವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಹೆದರಿಕೆ ಒಂದು ಕಾಳಷ್ಟೂ ಕಡಿಮೆಯಾಗಿಲ್ಲ. ಹೆದರುವ ಪಟ್ಟಿಗೆ ಈಗ ಮಿಕ್ಸಿಯೂ ಸೇರಿದೆ.

ಇವತ್ತು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಲಕ್ಷ್ಮಿಯನ್ನು ಕಪಾಟಿನಿಂದ ಇಳಿಸಿದೆ. ಉಳಿ ಮಸೆದು, ಉಸಿರು ಬಿಗಿಹಿಡಿದು, ಮೂಗಿಗೆ ಇಡುವ ಹೊತ್ತಿಗೆ ಸರಿಯಾಗಿ ಒಳಗೆ ಕುಕ್ಕರ್ ಕೂಗಿತು. ದಡಬಡ ಉಗುರಿನ ಸದ್ದು. ಎಡಪಾದದ ಮೇಲೆ ಭಾರ ಬಿತ್ತು, ಬೆಚ್ಚಗೆ, ಗಡಗಡ ನಡುಗುತ್ತ. ಹೀಗೆ ಕಾಲು ಅಲುಗಾಡುವಾಗ ಮೂಗು ಕೆತ್ತಲಿಕ್ಕಾಗುತ್ತದೆಯೇ? ಉಳಿ ಕೆಳಗಿಟ್ಟೆ. ಲಕ್ಷ್ಮಿಗೆ ಇನ್ನಷ್ಟು ದಿನ ನೆಗಡಿಯಿರಲಿ. ಒಳಗಿನಿಂದ ಶಾರದೆ ಕೇಳಿದಳು, "ಬಂದ್ನಾ?"

"ಬಂದ," ಅಂದೆ.