ಬ್ರೇಕ್ ಅಕ್ಕನ ಮಗಳು ಆರಿಸಿದ ವಿಷಯ

ಆ ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದವಳು. ಹಾಗಾಗಿ ಎಲ್ಲರಿಗೂ ಬ್ರೇಕ್ ಅಕ್ಕ. ಅವಳ ಬಾಯಿಗೆ ಮಾತ್ರ ಬ್ರೇಕ್ ಇರಲಿಲ್ಲ.

"ಕ್ಲಚ್ಚೇನು ನಿಮ್ಮತ್ತೆನಾ, ಅಷ್ಟು ಹೆದರ್ಕೊಂಡು ಮುಟ್ತೀರಲ್ಲ!"

"ಎದುರಿಗೆ ಬರ್ತಿರೋದು ಲಾರಿ ಕಣಪ್ಪ, ನಿನ್ನ ಸೋದರಮಾವ ಅಲ್ಲ. ತಬ್ಕೊಳ್ಳೋಕೆ ಹೋಗ್ಬೇಡ!"

ಹೀಗೆ ಬೈಸಿಕೊಂಡವರೇ ತಮ್ಮ ತಂಗಿಯನ್ನೋ ಹೆಂಡತಿಯನ್ನೋ ಮತ್ತೆ ಅವಳ ಬಳಿಗೇ ಕಳಿಸುತ್ತಿದ್ದರು. ಅವಳ ಬೈಗುಳದಲ್ಲಿ ವಿಷವಿರಲಿಲ್ಲ. ಕಾರಿನಿಂದ ಇಳಿದ ಮೇಲೆ ಅದರ ನೆನಪೂ ಅವಳಿಗೆ ಇರುತ್ತಿರಲಿಲ್ಲ. ಆದರೆ ಒಂದು ಮಾತು ಕಿವಿಗೆ ಬಿದ್ದರೆ ಮಾತ್ರ ಅವಳಿಗೆ ನಿಜವಾಗಿ ಪಿತ್ತ ನೆತ್ತಿಗೇರುತ್ತಿತ್ತು. ಸ್ಕೂಲಿನ ಆಫೀಸಿಗೆ ಬರುವ ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಾದರೂ ಆ ಮಾತು ಇರುತ್ತಿತ್ತು. ರಸ್ತೆ ರಿಪೇರಿ ಆಗಲಿಲ್ಲವೆಂದರೆ ಮಲತಾಯಿ ಧೋರಣೆ, ನಲ್ಲಿಯಲ್ಲಿ ನೀರು ಬರಲಿಲ್ಲವೆಂದರೆ ಮಲತಾಯಿ ಧೋರಣೆ.

"ಗುಂಡಿ ಮುಚ್ಚದೇ ಇರೋನು ಕಂಟ್ರಾಕ್ಟರು. ಮಧ್ಯೆ ಮಲತಾಯಿ ಎಲ್ಲಿಂದ ಬಂದ್ಲು?" ಎಂದು ಅವಳು ಪತ್ರಿಕೆಯನ್ನು ಮುದುರಿ ಬಿಸಾಡುವಳು.

ಯಾಕೆಂದರೆ ಅವಳೇ ಒಬ್ಬಳು ಮಲತಾಯಿ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಎತ್ತರದ ದನಿಯಲ್ಲಿ ಮಾತನಾಡಿ ಗೊತ್ತಿಲ್ಲದ ಒಬ್ಬ ವಿಧುರನನ್ನು ಅವಳು ಮದುವೆಯಾದಾಗ ಅವನ ಮಗಳು ಇನ್ನೂ ಅಕ್ಷರ ತಿದ್ದುತ್ತಿದ್ದಳು. ಮೊದಮೊದಲು ಆ ಮಗು ಇವಳನ್ನು ಕಂಡರೆ ಬೀರುವಿನ ಸಂದಿಗೆ ಸೇರಿಕೊಳ್ಳುತ್ತಿತ್ತು. ಆಮೇಲೆ ಆಂಟಿ ಎಂದಿತು. ಒಂದು ದಿನ ಜ್ವರದ ಮಂಪರಿನಲ್ಲಿ ಅಮ್ಮ ಎಂದದ್ದು, ಜ್ವರ ಬಿಟ್ಟ ಮೇಲೂ ಹಾಗೇ ಉಳಿದುಕೊಂಡಿತು.

ಅಕ್ಕಪಕ್ಕದವರಿಗೆ ಮಾತ್ರ ಸಮಾಧಾನವಿರಲಿಲ್ಲ. ಪಕ್ಕದ ಮನೆಯಾಕೆ ಮಗುವನ್ನು ಮೆಟ್ಟಿಲಲ್ಲಿ ನಿಲ್ಲಿಸಿಕೊಂಡು, "ಹೊಟ್ಟೆ ತುಂಬ ಹಾಕ್ತಾಳಾ? ಹೊಡೀತಾಳಾ? ನನ್ ಹತ್ರ ಹೇಳು ಕಂದಾ" ಎಂದು ಕೆದಕುತ್ತಿದ್ದಳು. ಇವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳು. ಅಂದಿನಿಂದ ಮನೆಯೊಳಗೆ ಅವಳು ಬೇರೆಯೇ ಹೆಂಗಸಾದಳು. ಮಗು ಹಾಲು ಚೆಲ್ಲಿದರೂ ಬೈಯಲಿಲ್ಲ, ಗಣಿತದಲ್ಲಿ ಡುಮ್ಕಿ ಹೊಡೆದರೂ ಗದರಲಿಲ್ಲ. ಊರಿಗೆಲ್ಲ ಗುಡುಗುವವಳು ಮಗಳ ಮುಂದೆ ಮಾತ್ರ ಅಳೆದು ತೂಗಿ ಮಾತನಾಡುತ್ತಿದ್ದಳು. ಹೆತ್ತವಳು ಕಿರುಚಿದರೆ ಪ್ರೀತಿ, ತಾನು ಕಿರುಚಿದರೆ ಕಥೆ ಎಂದು ಅವಳಿಗೆ ಗೊತ್ತಿತ್ತು.

ಮಗಳು ಬೆಳೆದು ಕಾಲೇಜಿನ ಕೊನೆಯ ವರ್ಷಕ್ಕೆ ಬಂದಳು. ಸಾಹಿತ್ಯ ಅವಳ ವಿಷಯ.

ಆ ವರ್ಷವೇ ಆ ಕಾಲೇಜಿನ ಸಾಹಿತ್ಯದ ಮೇಷ್ಟ್ರು ಕಾರು ಕಲಿಯಲು ಬಂದರು. ಮೆದು ಮಾತಿನ, ನಡು ವಯಸ್ಸಿನ ಮನುಷ್ಯ. ಸ್ಟೇರಿಂಗ್ ಹಿಡಿದರೆ ಭಯ; ಆ ಭಯ ಮುಚ್ಚಿಕೊಳ್ಳಲು ಬಾಯಿ ಬಿಡುವಿಲ್ಲದೆ ಆಡುತ್ತಿತ್ತು. ತನ್ನ ಮಗಳು ಇವರ ಕ್ಲಾಸಿನಲ್ಲೇ ಇರುವುದು ಬ್ರೇಕ್ ಅಕ್ಕನಿಗೆ ಗೊತ್ತಿದ್ದರೂ ಹೇಳಿರಲಿಲ್ಲ. ಹೇಳಿದರೆ ಮೇಷ್ಟ್ರನ್ನು ಬೈಯುವುದು ಕಷ್ಟವಾಗುತ್ತಿತ್ತು.

ಒಂದು ಬೆಳಿಗ್ಗೆ ಆಟದ ಮೈದಾನದ ಹಿಂದಿನ ರಸ್ತೆಯಲ್ಲಿ ಮೇಷ್ಟ್ರು ಗೇರು ಬದಲಿಸುತ್ತ ಹೇಳಿದರು: "ಈಗ ಪ್ರಾಜೆಕ್ಟ್ ಕಾಲ ಮೇಡಂ. ಎಲ್ಲರೂ ಅದೇ ಚಂದ್ರ, ಅದೇ ಮಳೆ. ಒಬ್ಬಳು ಹುಡುಗಿ ಮಾತ್ರ ಎಂಥ ವಿಷಯ ತಂದ್ಲು ಅಂತೀರಿ! ಕಥೆಗಳಲ್ಲಿ ಮಲತಾಯಿ ಅಂತ. ಪಾಪ, ಸ್ವಂತ ಅನುಭವ. ಮನೇಲೇ ಒಬ್ಬಳು ಇದ್ದಾಳಂತೆ. ಬಾಯಿ ಬಿಟ್ಟು ಹೇಳಲ್ಲ, ಆದ್ರೆ ಮುಖ ನೋಡಿದ್ರೆ ಗೊತ್ತಾಗತ್ತೆ, ಎಷ್ಟು ನುಂಗಿಕೊಂಡಿದಾಳೆ ಅಂತ. ಮುಂದಿನ ಬೆಂಚಲ್ಲಿ ಕೂರ್ತಾಳೆ, ಗಲ್ಲದ ಮೇಲೊಂದು ಮಚ್ಚೆ..."

ಕಾರು ಗಕ್ಕನೆ ನಿಂತಿತು. ಪಕ್ಕದ ಬ್ರೇಕನ್ನು ಅವಳ ಕಾಲು ತಾನಾಗಿ ತುಳಿದಿತ್ತು.

"ಏನಾಯ್ತು ಮೇಡಂ? ನಾಯಿ ಬಂತಾ?"

"ಹೂಂ," ಎಂದಳು ಅವಳು. "ನಡೀರಿ."

ಉಳಿದ ಹೊತ್ತು ಬೈಗುಳವೇ ಬೀಳದ್ದರಿಂದ ತಮ್ಮ ಕೈ ಪಳಗಿತೆಂದು ಮೇಷ್ಟ್ರು ಹಿಗ್ಗಿ ಹೋದರು.

ಸಂಜೆ ಮಗಳು ಚಪ್ಪಲಿ ಬಿಡುತ್ತಿದ್ದಂತೆಯೇ ಅವಳು ಕೇಳಿದಳು.

"ಪ್ರಾಜೆಕ್ಟ್‌ಗೆ ಏನು ವಿಷಯ ಆರಿಸ್ಕೊಂಡೆ?"

"ಇನ್ನೂ ಗಟ್ಟಿ ಆಗಿಲ್ಲಮ್ಮ."

"ಆಗಿದೆ. ನಿಮ್ಮ ಮೇಷ್ಟ್ರು ನನ್ನ ಹತ್ರಾನೇ ಗಾಡಿ ಕಲೀತಾರೆ. ಮಲತಾಯಿ ಅಂತೆ. ಸ್ವಂತ ಅನುಭವ ಬೇರೆ ಇದೆಯಂತೆ. ಪಾಪ ಅಂತೆ!"

ಮಗಳ ಮುಖ ಬಿಳಿಚಿಕೊಂಡಿತು. "ಅಮ್ಮ, ನಾನು ನಿನ್ನ ಮೇಲೆ ಏನೂ ಹೇಳಿಲ್ಲ. ಚಂದ್ರ ಅಂದೆ, ಹಳೇದಾಯ್ತು ಅಂದ್ರು. ಹೊಳೆ ಅಂದೆ, ಹೋದ ವರ್ಷ ಯಾರೋ ಬರೆದ್ರು ಅಂದ್ರು. ಏನೂ ತೋಚದೆ ಮಲತಾಯಿ ಅಂದ್ಬಿಟ್ಟೆ. ಆಗ್ಲೇ ಅವರು ಕತ್ತೆತ್ತಿ ನನ್ನ ನೋಡಿದ್ದು. 'ನಿಮ್ಮನೇಲೂ...?' ಅಂತ ಕೇಳಿದ್ರು. ಹೂಂ ಅಂದೆ. 'ಅಯ್ಯೋ ಪಾಪ' ಅಂದ್ರು."

"ನೀನೇನಂದೆ?"

"ಸುಮ್ನಿದ್ದೆ."

"ಸುಮ್ನಿದ್ದೆ!" ಅವಳ ದನಿ ಸೂರಿಗೆ ತಾಗಿತು. ಆ ಮನೆ ಆ ದನಿಯನ್ನು ಕೇಳಿದ್ದು ಅದೇ ಮೊದಲು. "ಊರಿಗೆಲ್ಲ ಬೈಯೋಳು ಕಣೇ ನಾನು. ನಿನಗೆ ಒಂದು ಸಲ ಗದರಿದ್ದೀನಾ? ಪಕ್ಕದ ಮನೆಯವಳು ಗೋಡೆಗೆ ಕಿವಿ ಹಚ್ಕೊಂಡು ಕೂತಿದ್ಲು ಅಂತ, ಬಾಯಿಗೆ ಬಂದಿದ್ದನ್ನೆಲ್ಲ ನುಂಗಿ ನುಂಗಿ ಹೊಟ್ಟೆಯೊಳಗೆ ಹುಣ್ಣಾಗಿದೆ. ಒಂದೇ ಒಂದು ಏಟು ಹೊಡೆದಿದ್ರೂ ಇವತ್ತು ಇಷ್ಟು ಉರೀತಿರ್ಲಿಲ್ಲ. ಹೊಡೆದೆ, ಹೇಳ್ಕೊಂಡ್ಲು ಅಂತ ಇರ್ತಿದ್ದೆ. ಕತ್ತೆ! ಶುದ್ಧ ಕತ್ತೆ! ಮಾರ್ಕ್ಸಿಗೋಸ್ಕರ ನನ್ನ ರಾಕ್ಷಸಿ ಮಾಡಿದ್ಯಾ?"

ಗಂಡ ಒಳಗಿನಿಂದ ಬಂದು, "ಹೋಗ್ಲಿ ಬಿಡೇ, ಕಾಗದದ ಮೇಲೆ ತಾನೇ..." ಎಂದ.

"ನೀವು ಬಾಯಿ ಮುಚ್ಚಿ! ಬಾಯಿ ತೆಗೀಬೇಕಾದಾಗ ಮುಚ್ಕೊಳ್ಳೋದನ್ನ ಅವಳು ಕಲ್ತಿರೋದೇ ನಿಮ್ಮಿಂದ."

ತೆಗೆಯಬೇಕೋ ಮುಚ್ಚಬೇಕೋ ತಿಳಿಯದೆ ಗಂಡ ಅಲ್ಲೇ ನಿಂತ. ಮಗಳು ಅಳುತ್ತ ಅಂದಳು, "ವಿಷಯ ಬದಲಾಯಿಸ್ತೀನಿ ಬಿಡಮ್ಮ."

"ಯಾಕೆ? ಓಡಿ ಹೋಗೋಕಾ? ಬೆಳಿಗ್ಗೆ ನನ್ನ ಜೊತೆ ಬಾ."

ಬೆಳಿಗ್ಗೆ ಕಾರಿನ ಹಿಂದಿನ ಸೀಟಿನಲ್ಲಿ ತಮ್ಮ ವಿದ್ಯಾರ್ಥಿನಿ ಕೂತಿರುವುದನ್ನು ಕಂಡು ಮೇಷ್ಟ್ರು, "ಓ, ನೀನೂ ಕಲೀತಿದೀಯಾ? ಒಳ್ಳೇದಾಯ್ತು" ಎಂದು ಸಂತೋಷದಿಂದಲೇ ಗಾಡಿ ಶುರು ಮಾಡಿದರು. ತಿರುವು ದಾಟಿದ ಮೇಲೆ ಬ್ರೇಕ್ ಅಕ್ಕ ಹಿಂದಿನ ಸೀಟಿನತ್ತ ತಿರುಗಿ, "ಹೇಳು" ಎಂದಳು.

ಮಗಳು ತೊದಲುತ್ತಲೇ ಹೇಳಿದಳು. ಮುಂದೆ ಕೂತಿರುವವರೇ ತನ್ನ ಅಮ್ಮ ಎಂದಳು. ತನಗೆ ಮನೆಯಲ್ಲಿ ಯಾವ ಕಷ್ಟವೂ ಇಲ್ಲ, ಸರ್ ಪಾಪ ಅಂದಾಗ ಎಲ್ಲರೂ ತನ್ನ ಕಡೆ ನೋಡಿದ್ದು ಹಿತವೆನಿಸಿತು, ಅದಕ್ಕೇ ಸುಮ್ಮನಿದ್ದೆ ಎಂದಳು.

ಎಂಜಿನ್ ಕೆಮ್ಮಿ ಆಫ್ ಆಯಿತು. ಮೇಷ್ಟ್ರ ಕಿವಿ ಕೆಂಪಾಯಿತು. "ಅಂದ್ರೆ ನನಗೆ ಸುಳ್ಳು ಹೇಳಿದ್ಯಾ? ನಾನು ಎಲ್ಲರ ಮುಂದೆ ನಿನ್ನ ಹೊಗಳಿದೀನಿ. ಇದು ಮೋಸ ಅಲ್ವಾ? ನಾಚಿಕೆ ಆಗಲ್ವಾ ನಿನಗೆ? ಇಂಥೋರಿಗೆ ಸಾಹಿತ್ಯ ಯಾಕೆ..."

ರಾತ್ರಿಯಿಡೀ ಮಗಳ ಮೇಲಿದ್ದ ಸಿಟ್ಟು ಆ ಕ್ಷಣಕ್ಕೆ ದಿಕ್ಕು ಬದಲಿಸಿತು. "ಸಾಕು ಮೇಷ್ಟ್ರೇ!" ಎಂದು ಅಬ್ಬರಿಸಿದಳು ಬ್ರೇಕ್ ಅಕ್ಕ. "ಅವಳು ಅಂದಿದ್ದು ಒಂದು ಹೂಂ. ಮಿಕ್ಕಿದ್ದನ್ನೆಲ್ಲ ಕಟ್ಟಿದ್ದು ನೀವು. ಮುಖ ನೋಡಿದ್ರೆ ಗೊತ್ತಾಗತ್ತೆ ಅಂದ್ರಲ್ಲ, ಏನು ಗೊತ್ತಾಯ್ತು? ಮಲತಾಯಿ ಅಂದ ತಕ್ಷಣ ಬಾಸುಂಡೆ ಹುಡುಕೋಕೆ ಹೊರಟ್ರಿ. ಅವಳು ಮಾಡಿದ್ದು ತಪ್ಪೇ. ಆದ್ರೆ ನನ್ನ ಮಗಳನ್ನ ಬೈಯೋಕೆ ನಾನಿದ್ದೀನಿ. ಆ ಕೆಲಸ ನಿಮಗೆ ಬೇಡ!"

ಹಿಂದಿನಿಂದ ವಾಹನಗಳು ಹಾರ್ನ್ ಒತ್ತುತ್ತಿದ್ದವು. ಮೇಷ್ಟ್ರು ಸಣ್ಣ ದನಿಯಲ್ಲಿ, "ನನ್ನದೂ ತಪ್ಪಾಯ್ತು ಮೇಡಂ," ಎಂದರು. ಕನ್ನಡಿಯಲ್ಲಿ ಹುಡುಗಿಯನ್ನು ನೋಡುತ್ತ, "ಆದ್ರೂ ವಿಷಯ ಬಿಡ್ಬೇಡಮ್ಮ. ಕಥೆ ಕಟ್ಟಿದೋರು ಈ ಹೆಂಗಸನ್ನ ಒಂದು ಮಾತೂ ಕೇಳಲ್ಲ. ಯಾಕೆ ಅಂತ ನೋಡು" ಎಂದರು.

"ಮೊದ್ಲು ಗಾಡಿ ತೆಗೀರಿ," ಎಂದಳು ಬ್ರೇಕ್ ಅಕ್ಕ.

ಮಗಳು ಆ ವಿಷಯವನ್ನೇ ಹಿಡಿದಳು. ಅಮ್ಮ ಅಡುಗೆ ಮಾಡುವಾಗ ಅವಳು ಕಟ್ಟೆಯ ಮೇಲೆ ಕೂತು ಕಥೆಗಳನ್ನು ಓದಿ ಹೇಳುವಳು. ಮಕ್ಕಳನ್ನು ಕಾಡಿಗಟ್ಟುವವಳು, ಅನ್ನಕ್ಕೆ ವಿಷ ಹಾಕುವವಳು. ಪ್ರತಿಯೊಬ್ಬಳ ಜೊತೆಗೂ ಬ್ರೇಕ್ ಅಕ್ಕ ಜಗಳಕ್ಕೆ ನಿಲ್ಲುವಳು. "ಇಷ್ಟೆಲ್ಲ ಆಗೋವಾಗ ಅಪ್ಪ ಅನ್ನೋನು ಎಲ್ಲಿ ಹೋಗಿದ್ದ? ಅದನ್ನ ಕೇಳು, ಅದನ್ನ ಬರಿ!" ಎನ್ನುವಳು. ಪಕ್ಕದ ಕೋಣೆಯಲ್ಲಿ ಗಂಡ ಕೆಮ್ಮುವನು.

ಅವಳ ಸಿಟ್ಟು ಪೂರ್ತಿ ಇಳಿಯಿತೆಂದು ಹೇಳಲಾಗದು. ಕೆಲವು ದಿನ ಮಗಳು ಅಮ್ಮ ಎಂದರೆ, ಏನು ಎನ್ನುವ ಮೊದಲು ಪಾತ್ರೆಯನ್ನು ಠಣ್ ಎಂದು ಕುಕ್ಕುತ್ತಿದ್ದಳು. ಆದರೆ ಬೈಗುಳಕ್ಕೆ ಮಾತ್ರ ಈಗ ಯಾವ ಕಟ್ಟೂ ಇರಲಿಲ್ಲ. ಒದ್ದೆ ಟವೆಲ್ ಮಂಚದ ಮೇಲೆ ಬಿದ್ದಿದ್ದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಮಗಳೂ ಅಷ್ಟೇ ಜೋರಾಗಿ ಮಾತಿಗೆ ಮಾತು ಕೊಡುತ್ತಿದ್ದಳು. ಪಕ್ಕದ ಮನೆಯಾಕೆ ಕಿಟಕಿಗೆ ಬಂದರೆ ಇಬ್ಬರೂ ಒಟ್ಟಿಗೇ ಅತ್ತ ತಿರುಗಿ, "ಏನ್ರೀ?" ಎನ್ನುತ್ತಿದ್ದರು.

ಪ್ರಾಜೆಕ್ಟಿಗೆ ತಕ್ಕಮಟ್ಟಿಗೆ ಮಾರ್ಕ್ಸ್ ಬಂದವು. ಕ್ಲಾಸಿನ ಬಹುಮಾನ ಮಳೆಯ ಬಗ್ಗೆ ಬರೆದ ಹುಡುಗನೊಬ್ಬನಿಗೆ ಹೋಯಿತು. ಮಗಳು ಪ್ರಾಜೆಕ್ಟನ್ನು ಮನೆಗೆ ತಂದ ಸಂಜೆ ಬ್ರೇಕ್ ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ಇದ್ರಲ್ಲಿ ನಾನೆಲ್ಲಾದ್ರೂ ಇದ್ದೀನಾ?"

"ಇಲ್ಲಮ್ಮ. ಒಂದು ಕಡೇನೂ ಇಲ್ಲ. ನಿನ್ನನ್ನ ಹೊರಗೇ ಇಟ್ಟಿದೀನಿ."

"ಒಳ್ಳೇ ಕೆಲಸ ಮಾಡಿದೆ," ಎಂದು ಅವಳು ಒಳಗೆ ಹೋದಳು. ಒಂದು ಗಳಿಗೆ ಬಿಟ್ಟು ಮತ್ತೆ ಬಾಗಿಲಿಗೆ ಬಂದು ನಿಂತಳು. ಹುಬ್ಬು ಗಂಟಿಕ್ಕಿತ್ತು.

"ಇಷ್ಟು ದಪ್ಪ ಬರೆದಿದ್ದೀಯಾ. ಒಂದು ಸಾಲೂ ಇಲ್ವೇನೇ?"