ಅರಿಶಿನವಿಲ್ಲದ ಕೆಂಪು

ಹೋದ ವಾರ ಹರೂರಿನ ಕಡೆ ಒಂದು ಮದುವೆಗೆಂದು ಬಸ್ಸಿನಲ್ಲಿ ಹೋಗುತ್ತಿದ್ದೆ. ದಾರಿ ಬದಿಯ ಹೊಲದಲ್ಲಿ ಯಾರೋ ಅರಿಶಿನ ಬೇಯಿಸುತ್ತಿದ್ದರು. ಹಸಿ ಮಣ್ಣು, ಹೊಗೆ, ಬೆಂದ ಗಡ್ಡೆ ಎಲ್ಲ ಕಲೆತ ಆ ಘಾಟು ಕಿಟಕಿಯೊಳಗೆ ನುಗ್ಗಿತು ನೋಡಿ, ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಮದುವೆಯಲ್ಲಿ ಊಟ ಮಾಡಿದೆನೋ ಬಿಟ್ಟೆನೋ... ಸೇಲಂಗೆ ಮರಳಿದವನೇ ಬೀರು ತೆರೆದು, ಬಟ್ಟೆಗಳ ಹಿಂದೆ ಕೈಹಾಕಿ ಅಕ್ಕನ ಸೀಸೆ ಹುಡುಕಿದೆ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಸೇಲಂನ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನನಗಿಂತ ಮೊದಲೇ ಸಂಶೋಧನೆಗೆ ಸೇರಿದ್ದವಳು. ಹರೂರಿನ ಕಡೆ ಅರಿಶಿನ ಬೆಳೆಯುವ ಮನೆಯವಳು. ನಾನು ಸೇಲಂನ ನೇಯ್ಗೆಯವರ ಮನೆಯವನು. ಲ್ಯಾಬಿನಲ್ಲಿ ಎಲ್ಲರದೂ ತಮಿಳು. ನಮ್ಮಿಬ್ಬರದು ಮಾತ್ರ ಅಜ್ಜಿಯರ ಬಾಯಿಂದ ಬಂದ ಕನ್ನಡ. ನಾನು ಫೋನಿನಲ್ಲಿ ಅವ್ವನ ಜೊತೆ ಮಗ್ಗದ ವಿಷಯ ಮಾತಾಡುವುದನ್ನು ಕೇಳಿಸಿಕೊಂಡು, "ಲೇ, ನಮ್ಮೋನಾ ನೀನು? ಮಗ್ಗ ಬುಟ್ಟು ಇಲ್ಯಾಕ್ ಬಂದ್ಯಲಾ?" ಎಂದಿದ್ದಳು. ಅಲ್ಲಿಗೆ ನಾನು ಅವಳ ತಮ್ಮನಾದೆ.

ಅಕ್ಕನ ತಲೆಯಲ್ಲಿದ್ದುದು ಒಂದೇ: ಯುರೋಪಿಯಂ ಎಂಬ ಲೋಹವನ್ನು ಕೆಂಪಗೆ ಬೆಳಗಿಸಬೇಕು. ಆ ಲೋಹಕ್ಕೆ ಬೆಳಕು ಕೊಡುವ ಗುಣವಿದೆ, ಬೆಳಕು ಹಿಡಿಯುವ ಚುರುಕಿಲ್ಲ. ಅದಕ್ಕೇ ಅದರ ಸುತ್ತ ಸಾವಯವ ಅಣುಗಳನ್ನು ಕೂರಿಸಬೇಕು, ಲಿಗ್ಯಾಂಡ್ ಅನ್ನುತ್ತೇವೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅವು ಹಿಡಿದು ದಾಟಿಸಿದರೆ ಲೋಹ ಹೊಳೆಯುತ್ತದೆ. ಆ ಲಿಗ್ಯಾಂಡನ್ನು ಅರಿಶಿನದ ಹಳದಿಯಿಂದಲೇ ಮಾಡುತ್ತೇನೆಂದು ಅಕ್ಕ ಹಟ ಹಿಡಿದಿದ್ದಳು. ಆ ಹಳದಿ ಅಣುವಿನ ನಡುವೆ ಲೋಹವನ್ನು ಕಚ್ಚಿ ಹಿಡಿಯುವ ಎರಡು ಆಮ್ಲಜನಕಗಳಿವೆ, ನಿಜ. ಆದರೆ ಹಟಕ್ಕೆ ಕಾರಣ ಅದೊಂದೇ ಅಲ್ಲ. ಬಿತ್ತನೆಗೆಂದು ಎತ್ತಿಟ್ಟಿದ್ದ ಒಳ್ಳೆಯ ಗಡ್ಡೆಗಳನ್ನು ಅವಳಪ್ಪ ಚೀಲ ಕಟ್ಟಿ ಕಳಿಸಿದ್ದರು, "ನಮ್ ಅರಿಸಿನ ಲೈಟಿನಂಗೆ ಉರೀತದಂತೆ" ಎಂದು ಊರಿಗೆಲ್ಲ ಹೇಳಿಕೊಂಡು.

ಉರಿಯಲಿಲ್ಲ. ನೇರಳಾತೀತ ದೀಪದ ಪೆಟ್ಟಿಗೆಯೊಳಗೆ ಇಟ್ಟಾಗಲೆಲ್ಲ ಹಳದಿ ಅಣು ತಾನೇ ಮಿನುಗುತ್ತಿತ್ತು, ಲೋಹ ಸುಮ್ಮನಿರುತ್ತಿತ್ತು. ಅರಿಶಿನದ ಅಣು ಉದ್ದ. ಉದ್ದವಾದಷ್ಟೂ ಅದು ಬೆಳಕನ್ನು ಇಟ್ಟುಕೊಳ್ಳುವ ಮೆಟ್ಟಿಲು ತಗ್ಗು. ಲೋಹದ ಮೆಟ್ಟಿಲು ಅದಕ್ಕಿಂತ ಮೇಲಿತ್ತು. ತಗ್ಗಿನಿಂದ ಮೇಲಕ್ಕೆ ಬೆಳಕು ಹತ್ತುವುದೆಲ್ಲಿ? ಗೈಡ್ ಮೇಡಂ ಇದನ್ನು ಮೊದಲೇ ಹೇಳಿದ್ದರು. ಬೇಸಿಗೆ ರಜೆಯೊಳಗೆ ಕೆಂಪು ಬಾರದಿದ್ದರೆ ವಿಷಯ ಬದಲಿಸು ಎಂದೂ ಹೇಳಿಬಿಟ್ಟರು. ಅಂದರೆ ಮೊದಲಿಂದ ಶುರು. ಪದವಿಗೆಂದು ಇನ್ನೊಮ್ಮೆ ಅಷ್ಟು ವರ್ಷ ಕಾಯಲು ಅಕ್ಕನ ಮನೆಯಲ್ಲಿ ಯಾರೂ ತಯಾರಿರಲಿಲ್ಲ.

ಆ ದಿನಗಳಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತದ್ದನ್ನು ನಾನು ಕಾಣೆ. ಕಿಟಕಿಗೂ ಬಾಗಿಲಿಗೂ ತಿರುಗುತ್ತ, ತಂದಿಟ್ಟ ಟೀ ಮರೆತು ಚೆಲ್ಲುತ್ತ... ಒಂದು ಬೆಳಿಗ್ಗೆ ತಟ್ಟನೆ ನಿಂತು, "ಕಡೀಬೇಕು ಕಣ್ಲಾ," ಎಂದಳು.

"ಏನನ್ನಕ್ಕಾ?"

"ಅರಿಸಿನಾನೇ."

ನಡುವಿನ ಆಮ್ಲಜನಕದ ಕಚ್ಚನ್ನಷ್ಟೇ ಉಳಿಸಿಕೊಂಡು, ಎರಡು ಕಡೆಯ ಉದ್ದ ಬಾಲಗಳಿಲ್ಲದ ಗಿಡ್ಡ ಅಣುವನ್ನು ಬೇರೆ ಪದಾರ್ಥಗಳಿಂದ ಹೊಸದಾಗಿ ಕಟ್ಟಿದಳು. ಹಳದಿ ಹೋಯಿತು, ವಾಸನೆ ಹೋಯಿತು. ಕೆಂಪು ಬಂತು, ಆದರೆ ಮಂಕು. ಲೋಹದ ಪಕ್ಕ ಖಾಲಿ ಉಳಿದ ಜಾಗದಲ್ಲಿ ನೀರು ಬಂದು ಕೂತು ಬೆಳಕು ನುಂಗುತ್ತಿತ್ತು. ಅಲ್ಲಿ ಇನ್ನೊಂದು ಲಿಗ್ಯಾಂಡ್ ಕೂರಿಸಿ ನೀರನ್ನು ಎಬ್ಬಿಸಿ ಕಳಿಸಿದಳು. ಆ ಮಧ್ಯಾಹ್ನ ಪೆಟ್ಟಿಗೆಯೊಳಗೆ ಊದಿದ ಕೆಂಡದಂಥ ಕೆಂಪು! ನಾನು ಕುಣಿದುಬಿಟ್ಟೆ. ಅಕ್ಕ ನಗಲಿಲ್ಲ.

"ಅಪ್ಪಂಗೇನ್ಲಾ ಏಳ್ಲಿ?" ಎಂದಳು.

ಆ ಭಾನುವಾರವೇ ಸೀಸೆ, ನೇರಳಾತೀತ ಟಾರ್ಚು ಹಿಡಿದು ಅವಳ ಊರಿಗೆ ಹೋದೆವು. ಅವಳಪ್ಪ ಕೊಪ್ಪರಿಗೆಯ ಮುಂದೆ ಅರಿಶಿನ ಬೇಯಿಸುತ್ತಿದ್ದರು. ಹಗಲಿನಲ್ಲಿ ಕಾಣದೆಂದು ಮೂವರೂ ಒಂದೇ ಕಂಬಳಿಯೊಳಗೆ ತಲೆ ತೂರಿಸಿದೆವು. ಟಾರ್ಚು ಹಾಕಿದರೆ, ಮೊದಲು ಹೊಳೆದದ್ದು ಅರಿಶಿನ ಮೆತ್ತಿದ ಅವರ ಬೆರಳುಗಳು, ಹಳದಿಯಾಗಿ. ಆಮೇಲೆ ಸೀಸೆ, ಕೆಂಪಗೆ.

"ಅಪ್ಪುರಂ, ನಮ್ ಅರಿಸಿನ ಎಲ್ಲೈತೆ ಕಣ್ಣು?" ಎಂದು ಅಪ್ಪ ತಮಿಳು ಬೆರೆಸಿ ಮಗಳನ್ನು ಮುದ್ದಿನಿಂದ ಕೇಳಿದರು.

"ಇಲ್ಲಪ್ಪಾ. ಒಂದ್ ಚೂರೂ ಇಲ್ಲ. ಅದಿದ್ರೆ ಇದು ಉರೀತಿರ್ಲಿಲ್ಲ."

ಅವರು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಊರ್ನಾಗೆ ನಮ್ ಅರಿಸಿನ ಅಂತ್ಲೇ ಏಳ್ಬುಟ್ಟಿವ್ನಿ. ನೀವಿಬ್ರೂ ಬಾಯ್ ಮುಚ್ಕಂಡಿರಿ," ಎಂದವರೇ ಕಂಬಳಿ ಸರಿಸಿ, ಪಕ್ಕದ ಹೊಲದವರನ್ನೆಲ್ಲ ಕೂಗಿ ಕರೆದರು. ಅಕ್ಕ ಕಣ್ಣೊರೆಸಿಕೊಳ್ಳುತ್ತ ನಕ್ಕ ಆ ನಗು...

ಪದವಿ ಬಂತು, ಕೆಲಸವೂ ಬಂತು. ಹಿಂದೆಯೇ ಕಾಯಿಲೆ ಬಂತು, ಅಕ್ಕ ಉಳಿಯಲಿಲ್ಲ. ಸೀಸೆಯನ್ನು ಅವಳಪ್ಪನೇ ನನ್ನ ಕೈಗಿಟ್ಟರು.

ಹೋದ ವಾರ ಬೀರುವಿನ ಮರೆಯಲ್ಲಿ ನಿಂತು ಟಾರ್ಚು ಹಾಕಿದೆ. ಇದೆಯೋ ಇಲ್ಲವೋ ಎನ್ನುವಷ್ಟು ಕೆಂಪು. ಲೋಹಕ್ಕೇನೂ ಆಗುವುದಿಲ್ಲ, ಬೆಳಕು ಹಿಡಿದುಕೊಡುವ ಲಿಗ್ಯಾಂಡೇ ಆ ಬೆಳಕಿಗೆ ಸ್ವಲ್ಪ ಸ್ವಲ್ಪವಾಗಿ ಸುಟ್ಟುಹೋಗುತ್ತದೆ. ನೆನಪಾದಾಗಲೆಲ್ಲ ಟಾರ್ಚು ಹಾಕಿದ್ದೇನಲ್ಲ, ನೋಡಿದಷ್ಟೂ ಕಮ್ಮಿಯಾಗಿದೆ. ಸಾಕು, ಇರುವಷ್ಟಾದರೂ ಇರಲಿ ಎಂದು ಬೀರು ಮುಚ್ಚಿ ಬಂದು ಕೂತೆ. ಮತ್ತೆ ಎದ್ದು ಹೋಗಿ ತೆರೆದೆ...